ನಕ್ಷತ್ರಗಳ ಲೆಕ್ಕ

ಅಮೆಜಾನ್ ಸಂಸ್ಥೆಯು 2019ರಲ್ಲಿ ತೆರೆದ ಬೃಹತ್ ಕಚೇರಿಯು ನಮ್ಮ ಮಣಿಕೊಂಡಕ್ಕೆ ಸಮೀಪದ ನಾನಕ್‌ರಾಮಗುಡದಲ್ಲಿದೆ. ಅಂತರ್ಜಾಲದ ಮಾರುಕಟ್ಟೆಯಲ್ಲಿ ಕೊಳ್ಳುವವರು ಈ ಬಡಾವಣೆಯ ಮನೆಮನೆಯಲ್ಲಿಯೂ ಇದ್ದಾರೆ. ಮಾರಲು ಹವಣಿಸುವವರೂ ಇಲ್ಲದಿಲ್ಲ. ಆದರೆ ಮಾರಾಟಗಾರನ ಹೆಸರಿನ ಕೆಳಗೆ ಕಾಣುವ ನಕ್ಷತ್ರಗಳು ಯಾವ ಲೆಕ್ಕದಿಂದ ಮೂಡಿದವೆಂದು ಅರಿತವರು ವಿರಳ. ಒಂದು ಸಂಸಾರದ ಜೀವನೋಪಾಯವು ಆ ಲೆಕ್ಕವನ್ನು ಅವಲಂಬಿಸಿರುವಾಗ ಇದು ಉಪೇಕ್ಷಿಸತಕ್ಕ ವಿಷಯವಲ್ಲ.

ಅಮೆಜಾನಿನಲ್ಲಿ ಗ್ರಾಹಕನು ಮಾರಾಟಗಾರನಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡಬಹುದು. ನಾಲ್ಕು, ಐದು ಅನುಕೂಲ ಅಭಿಪ್ರಾಯವೆನಿಸುತ್ತವೆ, ಮೂರು ತಟಸ್ಥ, ಒಂದು, ಎರಡು ಪ್ರತಿಕೂಲ. ‘ಪರವಾಗಿಲ್ಲ’ ಎಂಬ ಸದ್ಭಾವದಿಂದ ಮೂರು ಕೊಟ್ಟವನು ಮೆಚ್ಚಿದವರ ಸಾಲಿಗೆ ಸೇರುವುದಿಲ್ಲ. ಈಬೇ ಮಾರುಕಟ್ಟೆಯ ಪದ್ಧತಿ ಬೇರೆ. ಅಲ್ಲಿ ಹನ್ನೆರಡು ತಿಂಗಳ ಶೇಕಡಾವಾರನ್ನು ಕಟ್ಟುವಾಗ ತಟಸ್ಥ ಅಭಿಪ್ರಾಯಗಳನ್ನು ಕೈಬಿಡಲಾಗುತ್ತದೆ. 90 ಅನುಕೂಲ, 5 ತಟಸ್ಥ, 5 ಪ್ರತಿಕೂಲವಿದ್ದರೆ ಆ ಲೆಕ್ಕದಂತೆ ಶೇಕಡಾ 94.7, ಎಲ್ಲವನ್ನೂ ಎಣಿಸಿದರೆ 90. ಸಂಖ್ಯೆ ಸುಳ್ಳಾಡದು, ನಿಜ. ಯಾವುದನ್ನು ಎಣಿಸಿದರೆಂಬುದನ್ನು ಮಾತ್ರ ತಾನಾಗಿ ಹೇಳದು.

ಇದಕ್ಕಿಂತಲೂ ಗುರುತರವಾದುದು ಗ್ರಾಹಕನ ಕಣ್ಣಿಗೆ ಬೀಳದ ಇನ್ನೊಂದು ಗಣನೆ. ಅಮೆಜಾನಿನಲ್ಲಿ 60 ದಿನಗಳ ಅವಧಿಯ ಆರ್ಡರುಗಳ ಪೈಕಿ ಪ್ರತಿಕೂಲ ಅಭಿಪ್ರಾಯ, ಪರಿಹಾರದ ಬೇಡಿಕೆ ಮೊದಲಾದವುಗಳಿಗೆ ಗುರಿಯಾದವು ಶೇಕಡಾ 1ಕ್ಕಿಂತ ಕಡಮೆ ಇರಬೇಕೆಂಬ ನಿಯಮವಿದೆ. ಮೀರಿದರೆ ಮಾರಾಟದ ಖಾತೆಯೇ ಸ್ಥಗಿತವಾಗಬಹುದು. 5,000 ಆರ್ಡರುಗಳ ದೊಡ್ಡ ವ್ಯಾಪಾರಿಯ ಮೇಲೆ 40 ಮಂದಿ ಮುನಿದರೂ ಅದು 0.8 ಮಾತ್ರ. ಮನೆಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟಿ 50 ಪೊಟ್ಟಣ ಕಳುಹಿಸಿದ ಗೃಹಿಣಿಯ ಮೇಲೆ ಒಬ್ಬನೇ ಮುನಿದರೂ ಅದು 2. ನಿಯಮ ಇಬ್ಬರಿಗೂ ಒಂದೇ; ಪೆಟ್ಟು ಒಂದೇ ಅಲ್ಲ.

ಭಾರತ ಸರ್ಕಾರದ 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರನು ಗ್ರಾಹಕನ ವೇಷದಲ್ಲಿ ತನ್ನನ್ನೇ ಹೊಗಳಿಕೊಳ್ಳುವುದನ್ನು ನಿಷೇಧಿಸಿವೆ. ಸರಕುಗಳನ್ನೂ ಮಾರಾಟಗಾರರನ್ನೂ ಮೇಲೆ ಕೆಳಗೆ ಇಡುವ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂದೂ ವಿಧಿಸಿವೆ. 2022ರಲ್ಲಿ ಗ್ರಾಹಕ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವೂ ಹೊರಬಂದಿತು. ಇವು ಸ್ವಾಗತಾರ್ಹ. ಆದರೆ ಸರಳ ಭಾಷೆಯೆಂದರೆ ಸಣ್ಣ ವ್ಯಾಪಾರಿಗೆ ಅರ್ಥವಾಗುವ ಭಾಷೆ. ಕನ್ನಡಿಗನಿಗೆ ಅದು ಕನ್ನಡ, ಇಲ್ಲಿಯವರಿಗೆ ತೆಲುಗು, ಉರ್ದು. ನಕ್ಷತ್ರದ ಲೆಕ್ಕವನ್ನೂ ಇದೇ ರೀತಿ ವಿವರಿಸಬೇಕು. ಆರ್ಡರುಗಳು ಕೆಲವೇ ಇದ್ದಲ್ಲಿ ಕೇವಲ ಶೇಕಡಾವಾರನ್ನು ನೋಡಿ ಖಾತೆಯನ್ನು ಮುಚ್ಚಬಾರದು.

ವಾಚಕರಲ್ಲಿಯೂ ಒಂದು ವಿಜ್ಞಾಪನೆ. ಮಾರಾಟಗಾರನ ನಡತೆಯ ಮೇಲಿನ ಅಭಿಪ್ರಾಯ ಬೇರೆ, ಸರಕಿನ ಗುಣದ ವಿಮರ್ಶೆ ಬೇರೆ. ಪುಡಿ ಖಾರವಾಯಿತೆಂಬ ಕಾರಣಕ್ಕೆ, ಸಕಾಲಕ್ಕೆ ಕಳುಹಿಸಿದವಳಿಗೆ ಒಂದು ನಕ್ಷತ್ರ ಕೊಡುವುದು ನ್ಯಾಯವಲ್ಲ. ಮೋಸವಾದಲ್ಲಿ ನಿರ್ದಾಕ್ಷಿಣ್ಯವಾಗಿ ಬರೆಯಿರಿ. ತೃಪ್ತಿಯಾದಲ್ಲಿ ಅದನ್ನೂ ಬರೆಯಿರಿ. ಮೆಚ್ಚಿದವರು ಸುಮ್ಮನಿದ್ದರೆ ಮುನಿದವರ ಮಾತೇ ಲೆಕ್ಕವಾಗಿ ಉಳಿಯುತ್ತದೆ.