ವಾರಕ್ಕೊಂದು ರಾತ್ರಿ ಪಾಸ್ತಾ, ಅದೂ ಗಂಡಸರ ಕೈಯಿಂದ

ನಮ್ಮ ಬ್ಯಾರಿ ಮನೆಗಳಲ್ಲಿ ವಾರಕ್ಕೆ ಒಂದು ರಾತ್ರಿಯ ಅಡುಗೆಯನ್ನು ಗಂಡಸರು ವಹಿಸಿಕೊಳ್ಳಬೇಕು. ಆ ಕೆಲಸವನ್ನು ಪಾಸ್ತಾದಿಂದ ಶುರು ಮಾಡುವುದು ಒಳ್ಳೆಯದು. ಈ ಎರಡು ಮಾತು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಅಡುಗೆ ಪಂಡಿತನಲ್ಲ. ಉಪ್ಪನ ಜಿನಸು ಅಂಗಡಿಯಲ್ಲಿ ಬೆಳೆದವನು, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಅಂಗಡಿಯ ಮೇಜಿನ ಹಿಂದೆ ನಿಂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ಯಾವ ಮನೆಯ ಅಡುಗೆಮನೆಯಲ್ಲಿ ಏನೇನು ಇದೆ, ಸಂಜೆ ಏಳು ಗಂಟೆಗೆ ಯಾರು ಏನು ತರಿಸುತ್ತಾರೆ.

ಮಧ್ಯಾಹ್ನದ ಅಡುಗೆಗೂ ರಾತ್ರಿಯ ಅಡುಗೆಗೂ ವ್ಯತ್ಯಾಸ ಇದೆ. ಮಧ್ಯಾಹ್ನ ಚೋರು, ಮೀನು ಸಾರು, ಒಂದು ಪಲ್ಯ ಆದರೆ ಮುಗಿಯಿತು. ರಾತ್ರಿ ಹಾಗಲ್ಲ. ಅಕ್ಕಿಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಬೇಕು, ಕೈ ಸುಡುವ ಬಿಸಿಯಲ್ಲೇ ನಾದಬೇಕು, ಉಂಡೆ ಮಾಡಿ ತೆಳ್ಳಗೆ ಲಟ್ಟಿಸಬೇಕು, ಒಂದೊಂದಾಗಿ ಕಾವಲಿಯಲ್ಲಿ ಬೇಯಿಸಬೇಕು. ಆಗ ಪತ್ತಿರ್. ಆರು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ನಾಲ್ಕರಂತೆ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು ಪತ್ತಿರ್. ಅದೂ ಮನೆಯವರೆಲ್ಲ ಒಂದೇ ಹೊತ್ತಿಗೆ ಬರುವುದಿಲ್ಲ. ಟ್ಯೂಷನ್ ಮುಗಿಸಿ ಮಕ್ಕಳು ಒಂದು ಹೊತ್ತಿಗೆ, ಅಂಗಡಿ ಮುಚ್ಚಿ ಗಂಡಸರು ಇನ್ನೊಂದು ಹೊತ್ತಿಗೆ. ಬಿಸಿಬಿಸಿ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ಪತ್ತಿರ್ ಮಾತ್ರ ತಣ್ಣಗಾಗಿರುತ್ತದೆ. ಇದು ಎಲ್ಲರ ಕಣ್ಣೆದುರೇ ನಡೆಯುತ್ತದೆ, ಯಾರೂ ಮಾತಾಡುವುದಿಲ್ಲ.

ಈಗ ಹಲವು ಮನೆಗಳಲ್ಲಿ ಹೆಣ್ಣುಮಕ್ಕಳು ಶಾಲೆಯಲ್ಲಿ ಕಲಿಸುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಆಸ್ಪತ್ರೆಯಲ್ಲಿ ಶಿಫ್ಟ್ ಮಾಡುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ದಿನಾ ಹೋಗಿಬರುವವರೂ ಇದ್ದಾರೆ. ಮನೆಯ ಆದಾಯದಲ್ಲಿ ಪಾಲು ಬಂತು, ಅಡುಗೆಮನೆಯ ಕೆಲಸದಲ್ಲಿ ಪಾಲು ಬರಲಿಲ್ಲ.

"ಗಂಡಸರಿಗೆ ಅಡುಗೆ ಬರುವುದಿಲ್ಲ" ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟು ಗಂಡಸರು ದುಬೈ, ಶಾರ್ಜಾ, ದಮಾಮ್‌ನಲ್ಲಿ ಬ್ಯಾಚುಲರ್ ರೂಮಿನಲ್ಲಿ ವರ್ಷಗಟ್ಟಲೆ ಇದ್ದು ಬಂದಿಲ್ಲ? ಅಲ್ಲಿ ಅಡುಗೆಗೆ ಸರದಿ ಇರುತ್ತದೆ. ಹತ್ತು ಜನರಿಗೆ ಚೋರು ಬೇಯಿಸಿದವರು, ಶುಕ್ರವಾರ ಬಿರಿಯಾನಿಗೆ ದಮ್ ಹಾಕಿದವರು, ರೂಮಿನಲ್ಲಿ ಹೆಸರು ಮಾಡಿದವರು ಇದ್ದಾರೆ. ಅವರೇ ಊರಿನ ಮನೆಗೆ ಬಂದ ಮೇಲೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾರೆ. ವಿಮಾನದಿಂದ ಇಳಿಯುವಾಗ ಕೈಗುಣ ಇಳಿದುಹೋಗುವುದಿಲ್ಲ. ಊರಲ್ಲಿ ನಮಗೆ ಅಡುಗೆಮನೆಯಲ್ಲಿ ಸರದಿ ಇಲ್ಲ, ಅಷ್ಟೇ.

ಹಾಗಾದರೆ ಪಾಸ್ತಾವೇ ಯಾಕೆ? ಮೊದಲನೆಯದಾಗಿ, ಪತ್ತಿರ್ ಕೈಗೆ ಹತ್ತಲು ವರ್ಷಗಳು ಬೇಕು. ಹೊಸಬ ಮಾಡಿದರೆ ಅಂಚು ಬಿರಿಯುತ್ತದೆ, ಉಮ್ಮ ಸುಮ್ಮನಿದ್ದರೂ ಮನೆಯವರೆಲ್ಲ ಉಮ್ಮನ ಪತ್ತಿರ್‌ಗೆ ಹೋಲಿಸುತ್ತಾರೆ. ಪಾಸ್ತಾದಲ್ಲಿ ಹೋಲಿಸಲು ಯಾರ ಕೈರುಚಿಯೂ ಇಲ್ಲ. ಎರಡನೆಯದಾಗಿ, ಎರಡು ಪಾತ್ರೆ, ಇಪ್ಪತ್ತೈದು ನಿಮಿಷ ಸಾಕು. ಮೂರನೆಯದಾಗಿ, ಪಾಸ್ತಾದ ಒಂದು ಪ್ಯಾಕೆಟ್ ಬಿಟ್ಟರೆ ಬೇಕಾದ್ದೆಲ್ಲ ಮನೆಯಲ್ಲೇ ಇರುತ್ತದೆ: ಹಾಲು, ಮೈದಾ, ಬೆಣ್ಣೆ ಅಥವಾ ತುಪ್ಪ, ಬೆಳ್ಳುಳ್ಳಿ, ಕರಿಮೆಣಸು, ಮಕ್ಕಳಿಗೆಂದು ತಂದಿಟ್ಟ ಚೀಸ್ ಕ್ಯೂಬ್.

"ಅದು ನಮ್ಮದಲ್ಲ, ಇಟಲಿಯವರದ್ದು" ಎನ್ನುವವರಿಗೆ ಒಂದು ಹಳೆಯ ವಿಷಯ ಹೇಳಬೇಕು. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆ ಎಲ್ಲರೂ ಕೇಳಿರುತ್ತೀರಿ. ಆತ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕಿಂತ ನೂರನಲವತ್ತು ವರ್ಷ ಮೊದಲು, 1154ರಲ್ಲಿ, ಸಿಸಿಲಿಯ ದೊರೆ ಎರಡನೇ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿ ಅರಬಿಯಲ್ಲಿ ಬರೆದ ಗ್ರಂಥದಲ್ಲಿ ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಿನ ಮಾತು ಬರುತ್ತದೆ. ಅಲ್ಲಿ ಇತ್ರಿಯ್ಯ ಎಂಬ ಹಿಟ್ಟಿನ ಎಳೆಗಳನ್ನು ರಾಶಿ ರಾಶಿ ತಯಾರಿಸಿ, ಮುಸ್ಲಿಮರ ನಾಡಿಗೂ ಕ್ರೈಸ್ತರ ನಾಡಿಗೂ ಹಡಗು ತುಂಬಿ ಕಳಿಸುತ್ತಿದ್ದರಂತೆ. ಅಂದರೆ ಅದು ಒಣಗಿಸಿದ, ಕೆಡದ, ಕಡಲ ವ್ಯಾಪಾರದ ಸರಕು. ಬ್ಯಾರಿ ಎಂಬ ಹೆಸರೇ ಬ್ಯಾರ, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ಹೇಳಿಕೊಳ್ಳುವ ನಮಗೆ ಇಂಥ ಸರಕು ಅಷ್ಟೇನೂ ಪರಕೀಯ ಅಲ್ಲ.

ಇನ್ನು ನನ್ನ ಎರಡನೇ ತಕರಾರು ಕ್ರೀಮ್ ಪ್ಯಾಕೆಟಿನ ಮೇಲೆ. ಇದನ್ನು ಹೇಳಿದರೆ ನಮ್ಮ ಅಂಗಡಿಗೇ ನಷ್ಟ, ಆದರೂ ಹೇಳುತ್ತೇನೆ. ಪಾಸ್ತಾ ಮಾಡುತ್ತೇವೆ ಎಂದು ಬರುವವರು ಕ್ರೀಮ್, ಬಾಟಲಿ ಸಾಸ್, ಮಸಾಲೆ ಪುಡಿ ಎಂದು ಮೂರು ನಾಲ್ಕು ಸಾಮಾನು ಹೆಚ್ಚಿಗೆ ಒಯ್ಯುತ್ತಾರೆ. ಕ್ರೀಮಿನಲ್ಲಿ ಅರ್ಧ ಮಾತ್ರ ಖರ್ಚಾಗುತ್ತದೆ, ಉಳಿದರ್ಧ ಫ್ರಿಜ್ಜಿನ ಬಾಗಿಲಲ್ಲಿ ಹಾಳಾಗುತ್ತದೆ. ಆಮೇಲೆ "ಪಾಸ್ತಾ ದುಬಾರಿ" ಎಂಬ ಮಾತು ಬರುತ್ತದೆ. ರೋಮ್ ನಗರದಲ್ಲಿ ಅಲ್ಫ್ರೆಡೊ ದಿ ಲೇಲಿಯೊ ಎಂಬಾತ ಹೆಸರುವಾಸಿ ಮಾಡಿದ ಅಲ್ಫ್ರೆಡೊ ಪಾಸ್ತಾದಲ್ಲಿ ಕ್ರೀಮೇ ಇರಲಿಲ್ಲ. ಬೆಣ್ಣೆ, ಚೀಸ್, ಪಾಸ್ತಾ ಬೇಯಿಸಿದ ನೀರು, ಅಷ್ಟರಿಂದಲೇ ಅದು ಕೆನೆಯಂತಾಗುತ್ತಿತ್ತು.

ಅದು ಹೇಗೆ? ಲೇತ್ ಮೆಷಿನ್ ಮುಂದೆ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಕೂಲೆಂಟ್ ಎಣ್ಣೆಯನ್ನು ನೀರಿಗೆ ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆ ಮೇಲೆ ತೇಲುವುದಿಲ್ಲ, ಯಾಕೆಂದರೆ ಎರಡನ್ನೂ ಹಿಡಿದಿಡುವ ವಸ್ತು ಅದರಲ್ಲಿ ಸೇರಿರುತ್ತದೆ. ಪಾಸ್ತಾ ಬೆಂದ ನೀರಿನಲ್ಲಿ ಆ ಕೆಲಸಕ್ಕೆ ಗಂಜಿ ಇದೆ. ಹಿಟ್ಟಿನ ಗಂಜಿ ನೀರಿಗೆ ಇಳಿದು, ಬೆಣ್ಣೆಯ ಸಣ್ಣ ಸಣ್ಣ ಹನಿಗಳು ಮತ್ತೆ ಒಟ್ಟುಗೂಡದಂತೆ ತಡೆಯುತ್ತದೆ. ಅನ್ನದ ತೆಳಿ ಹಾಕಿ ಮುಂಡಿಗೆ ಗಂಜಿ ಕೊಟ್ಟವರ ಮನೆಗೆ ಈ ವಿದ್ಯೆ ಹೊಸತಲ್ಲ.

ನಮ್ಮ ಕುಂಞಿ ಪಿಂಡಿಯನ್ನೇ ನೋಡಿ. ಅಕ್ಕಿಹಿಟ್ಟಿನ ಪುಟ್ಟ ಪುಟ್ಟ ಉಂಡೆಗಳು ಎರ್ಚಿ ಮತ್ತು ತೆಂಗಿನಕಾಯಿಯ ಮಸಾಲೆಯಲ್ಲಿ ಕುದಿದಾಗ ಸಾರು ತಾನಾಗಿ ದಪ್ಪವಾಗುತ್ತದೆ. ಉಂಡೆಯಿಂದ ಇಳಿದ ಹಿಟ್ಟು ಎರ್ಚಿಯ ಕೊಬ್ಬನ್ನೂ ತೆಂಗಿನ ಹಾಲನ್ನೂ ಒಂದುಗೂಡಿಸುತ್ತದೆ. ಯಾವ ಉಮ್ಮನೂ ಪಿಂಡಿಗೆ ಕ್ರೀಮ್ ಹಾಕಿಲ್ಲ. ಪಾಸ್ತಾದ ಗುಟ್ಟೂ ಅದೇ.

ನಾಲ್ಕು ಜನರಿಗೆ ಲೆಕ್ಕ ಹೇಳುತ್ತೇನೆ. ಪಾಸ್ತಾ 300 ಗ್ರಾಂ. ಪ್ಯಾಕೆಟಿನ ಹಿಂದೆ ಡ್ಯೂರಮ್ ಗೋಧಿ ರವೆ ಎಂದು ಇದೆಯೇ ನೋಡಿಕೊಳ್ಳಿ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೊಡುತ್ತೇವಲ್ಲ, ಅದು ಇದೇ ಜಾತಿಯ ಗಟ್ಟಿ ಗೋಧಿಯದ್ದು. ಇಟಲಿಯಲ್ಲಂತೂ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನು ಬಂತು. ಮೈದಾದಿಂದ ಮಾಡಿದ್ದು ಬೇಗ ಮುದ್ದೆಯಾಗುತ್ತದೆ, ಹೊಸಬರಿಗೆ ಅದು ಕಷ್ಟ.

ಎರಡು ಲೀಟರ್ ನೀರು ಒಲೆಗಿಡಿ. ಮೂರು ಟೀ ಚಮಚ ಉಪ್ಪು ಹಾಕಿ. ಹೆಚ್ಚು ನೀರು ಬೇಡ, ತೆಳಿ ನೀರಾಗುತ್ತದೆ. ಕುದಿ ಬಂದ ಮೇಲೆ ಪಾಸ್ತಾ ಹಾಕಿ ಒಮ್ಮೆ ಕಲಕಿ. ಪ್ಯಾಕೆಟಿನಲ್ಲಿ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಬೇಕು, ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಬಸಿಯುವ ಮೊದಲು ಎರಡು ಲೋಟ ತೆಳಿ ತೆಗೆದಿಡಿ. ಬಸಿದ ಪಾಸ್ತಾವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಎಣ್ಣೆಯನ್ನೂ ಸವರಬೇಡಿ. ನೂಡಲ್ಸ್‌ಗೆ ಮಾಡುವ ಆ ಕ್ರಮದಿಂದ ಇಲ್ಲಿ ಗಂಜಿಯೆಲ್ಲ ತೊಳೆದುಹೋಗುತ್ತದೆ, ಸಾಸ್ ಅಂಟುವುದಿಲ್ಲ.

ನೀರು ಕುದಿಯುವ ಹೊತ್ತಿನಲ್ಲಿ ಪಕ್ಕದ ಒಲೆಯಲ್ಲಿ ದೊಡ್ಡ ಬಾಣಲೆ ಇಡಿ. ಎರಡು ದೊಡ್ಡ ಚಮಚ ಬೆಣ್ಣೆ, ಆರು ಎಸಳು ಸಣ್ಣಗೆ ಕೊಚ್ಚಿದ ಬೆಳ್ಳುಳ್ಳಿ. ಪರಿಮಳ ಬಂದರೆ ಸಾಕು, ಕೆಂಪಾಗಬಾರದು. ಎರಡು ದೊಡ್ಡ ಚಮಚ ಮೈದಾ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಹುರಿಯಿರಿ. ಮೈದಾದ ಪ್ರತಿ ಕಣಕ್ಕೂ ಬೆಣ್ಣೆಯ ಲೇಪ ಸಿಗಬೇಕು. ಆಗ ಹಾಲು ಹಾಕಿದಾಗ ಗಂಟು ಕಟ್ಟುವುದಿಲ್ಲ, ಹಸಿ ವಾಸನೆಯೂ ಹೋಗಿರುತ್ತದೆ. ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಕೈಬಿಡದೆ ತಿರುವಿ. ಮೂರು ನಾಲ್ಕು ನಿಮಿಷದಲ್ಲಿ ಸೌಟಿನ ಹಿಂಬದಿಗೆ ಅಂಟುವ ಹದ ಬರುತ್ತದೆ. ಈಗ ಉರಿ ತಗ್ಗಿಸಿ ಎರಡು ಚೀಸ್ ಕ್ಯೂಬ್ ತುರಿದು ಹಾಕಿ. ಜಾಸ್ತಿ ಕುದಿಸಿದರೆ ಕೆಲವು ಚೀಸ್ ಎಳೆ ಎಳೆಯಾಗುತ್ತದೆ. ಆದರೆ ಸಂಸ್ಕರಿಸಿದ ಕ್ಯೂಬ್‌ನಲ್ಲಿ ಕೊಬ್ಬು ಒಡೆಯದಂತೆ ಹಿಡಿಯುವ ಲವಣಗಳು ಇರುತ್ತವೆ, ಹೊಸಬರ ಕೈಗೆ ಅದೇ ಸುಲಭ. ವಿದೇಶದ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನ್ನೆಟ್‌ನಿಂದ ಮಾಡುತ್ತಾರೆ. ಹಲಾಲ್ ಲೆಕ್ಕ ನೋಡುವವರು ಹಸಿರು ಚುಕ್ಕೆಯ ಇಲ್ಲಿನ ಚೀಸ್ ತೆಗೆದುಕೊಂಡರೆ ಆ ಚಿಂತೆ ಇಲ್ಲ.

ಬಸಿದ ಪಾಸ್ತಾ, ಅರ್ಧ ಲೋಟ ತೆಳಿ ಸಾಸಿಗೆ ಸೇರಿಸಿ ಎರಡು ನಿಮಿಷ ತಿರುವಿ. ಗಟ್ಟಿಯಾದರೆ ಇನ್ನಷ್ಟು ತೆಳಿ. ಬಾಣಲೆಯಲ್ಲಿ ಸ್ವಲ್ಪ ನೀರೆನಿಸಿದರೇ ತಟ್ಟೆಗೆ ಬರುವಾಗ ಹದ ಸರಿಯಾಗುತ್ತದೆ. ಕೊನೆಗೆ ಆಗಷ್ಟೇ ಕುಟ್ಟಿದ ಕರಿಮೆಣಸು ಧಾರಾಳ. ಉಪ್ಪನ್ನು ರುಚಿ ನೋಡಿಯೇ ಹಾಕಿ, ತೆಳಿಯಲ್ಲೂ ಚೀಸಿನಲ್ಲೂ ಇದೆ. ಮಧ್ಯಾಹ್ನದ ಕೋಳಿ ಸುಕ್ಕ ಉಳಿದಿದ್ದರೆ ಮೂಳೆ ಬಿಡಿಸಿ ಸೇರಿಸಬಹುದು. ಕ್ಯಾರೆಟ್, ಬೀನ್ಸ್ ಇದ್ದರೆ ಪಾಸ್ತಾ ಬೇಯುವ ಕೊನೆಯ ಮೂರು ನಿಮಿಷ ಅದೇ ನೀರಿಗೆ ಹಾಕಿ, ಬೇರೆ ಪಾತ್ರೆ ಯಾಕೆ? ಖಾರ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸು ಹುರಿದು ತರಿಯಾಗಿ ಪುಡಿಮಾಡಿ ಮೇಲೆ ಉದುರಿಸಿದರಾಯಿತು. ಹಾಲು ಆಗದವರು ದಪ್ಪ ತೆಂಗಿನ ಹಾಲು ಬಳಸಬಹುದು. ಆಗ ಮೈದಾ ಸಾಸನ್ನು ಎರಡನೇ ಹಾಲಿನಲ್ಲಿ ಮಾಡಿ, ದಪ್ಪ ಹಾಲನ್ನು ಕೊನೆಗೆ ಹಾಕಿ ಕುದಿಯುವ ಮೊದಲೇ ಇಳಿಸಿ. ಮೀನು ಸಾರಿನ ನಿಯಮವೇ ಇಲ್ಲಿಯೂ.

ಆಕ್ಷೇಪಗಳು ಗೊತ್ತು. "ರಾತ್ರಿ ಇದು ಊಟ ಹೇಗಾಗುತ್ತದೆ?" ಎಂದು ಹಿರಿಯರು ಕೇಳುತ್ತಾರೆ. ಅವರ ಪಾಲಿಗೆ ಮಧ್ಯಾಹ್ನದ ಚೋರು ಬಿಸಿ ಮಾಡಿ ಕೊಡಿ, ಹೊಸದಾಗಿ ಬೇಯಿಸಬೇಕಾಗಿಲ್ಲ. ಹಿರಿಯರಿಗೆ ಬೇಡ ಎಂಬ ಕಾರಣಕ್ಕೆ ಮನೆಯವರ ಒಂದು ರಾತ್ರಿಯ ಬಿಡುವನ್ನು ಕಿತ್ತುಕೊಳ್ಳುವುದು ಗೌರವ ಅಲ್ಲ. "ಮೈದಾ ಒಳ್ಳೆಯದಲ್ಲ" ಎನ್ನುವವರು ನಾಲ್ಕು ಜನರ ನಡುವೆ ಎರಡು ಚಮಚ ಎಂಬುದನ್ನು ನೋಡಲಿ. ಹೋಟೆಲಿನ ಎರಡು ಪರೋಟದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಸಕ್ಕರೆ ಕಾಯಿಲೆ ಇದ್ದವರ ತಟ್ಟೆಯಲ್ಲಿ ಪಾಸ್ತಾ ಕಡಿಮೆ, ತರಕಾರಿ ಮತ್ತು ಕೋಳಿ ಹೆಚ್ಚು ಇರಲಿ. "ಹೊರಗಿನಿಂದ ತರಿಸಿದರೆ ಆಗದೇ?" ಆಗುತ್ತದೆ. ಆದರೆ ಪಾರ್ಸೆಲ್ ತರುವುದನ್ನು ನೋಡಿ ಮಗ ಕಲಿಯುವುದು ಫೋನ್ ಒತ್ತುವುದನ್ನು ಮಾತ್ರ. ಉಪ್ಪ ಒಲೆಯ ಮುಂದೆ ನಿಂತದ್ದನ್ನು ನೋಡಿದರೆ ಅಡುಗೆಮನೆ ತನ್ನದೂ ಹೌದು ಎಂದು ಕಲಿಯುತ್ತಾನೆ.

ಇನ್ನೊಂದು ಮಾತು. ಮಾಡುವುದಾದರೆ ಪೂರ್ತಿ ಮಾಡಬೇಕು. "ಚೀಸ್ ಎಲ್ಲಿದೆ, ತುರಿಮಣೆ ಎಲ್ಲಿದೆ" ಎಂದು ಕರೆದು ಕರೆದು ಅವರನ್ನೇ ಅಡುಗೆಮನೆಗೆ ಬರಿಸಿದರೆ ಅದು ಬಿಡುವಲ್ಲ, ಎರಡು ಪಟ್ಟು ಕೆಲಸ. ಫೋಟೊ ತೆಗೆದು ಸ್ಟೇಟಸ್ ಹಾಕಿ, ಮೈದಾ ಅಂಟಿದ ಬಾಣಲೆಯನ್ನು ಸಿಂಕಿನಲ್ಲಿ ಬಿಟ್ಟು ಹೋಗುವುದೂ ಬೇಡ. ಬಾಣಲೆಗೆ ಕೂಡಲೇ ತಣ್ಣೀರು ಹಾಕಿ ನೆನೆಸಿಡಿ, ಉಂಡಾದ ಮೇಲೆ ಸುಲಭವಾಗಿ ಬಿಡುತ್ತದೆ. ಅದನ್ನು ತೊಳೆದು ಒರೆಸಿ ಇಟ್ಟ ಮೇಲೆಯೇ ನಿಮ್ಮ ಸರದಿ ಮುಗಿಯುವುದು.

ನಮ್ಮ ಮನೆಯಲ್ಲಿ ಮಂಗಳವಾರ ನನ್ನ ಸರದಿ. ಹೆಂಡತಿ ಶಾಲೆಯಿಂದ ಬಂದು ಮಗಳ ಜೊತೆ ಕೂತು ಪುಸ್ತಕ ಓದುತ್ತಾಳೆ, ಉಮ್ಮ ತನ್ನ ತಂಗಿಗೆ ಫೋನ್ ಹಚ್ಚುತ್ತಾರೆ. ಉಪ್ಪನಿಗೆ ಇವತ್ತಿಗೂ ಪಾಸ್ತಾ ಹಿಡಿಸಿಲ್ಲ, ಅವರು ಚೋರು ಉಂಡು ಎದ್ದುಹೋಗುತ್ತಾರೆ. ಅದರಿಂದ ಯಾರಿಗೂ ತೊಂದರೆ ಆಗಿಲ್ಲ. ಪಾಸ್ತಾ ಕೈಗೆ ಹತ್ತಿದ ಮೇಲೆ ಸೇಮಿಗೆ, ಆಮೇಲೆ ಪಿಂಡಿ, ಧೈರ್ಯ ಇದ್ದವರು ಪತ್ತಿರ್‌ಗೂ ಹೋಗಬಹುದು. ಈ ವಾರ ನಿಮಗೆ ಅನುಕೂಲದ ಒಂದು ರಾತ್ರಿಯನ್ನು ಆರಿಸಿ, ಮನೆಯವರಿಗೆ ಬೆಳಿಗ್ಗೆಯೇ ಹೇಳಿಬಿಡಿ. ಸಂಜೆ ಹೇಳಿದರೆ ಅಷ್ಟರಲ್ಲಿ ಅವರು ಹಿಟ್ಟು ನಾದಿ ಇಟ್ಟಿರುತ್ತಾರೆ.