ಎತ್ತಬ್ಯಾಡ್ರಿ, ಉರುಳಿಸ್ರಿ

ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಇರ್ತದೆ. ಎತ್ತಿದವನಿಗೆ ಬೆಳ್ಳಿ ಕಡಗ, ಹಲಗಿ ಸದ್ದು, ಊರವರ ಸಿಳ್ಳೆ. ನೋಡೋಕೆ ಭಾರೀ ಚಂದ. ಆದರೆ ಆ ಪೈಲ್ವಾನ ವರ್ಷಕ್ಕೆ ಕೆಲವೇ ಸಲ ಹಾಗೆ ಎತ್ತುತ್ತಾನೆ, ಅದಕ್ಕಾಗಿ ತಿಂಗಳುಗಟ್ಟಲೆ ತಾಲೀಮು ಮಾಡಿರ್ತಾನೆ. ಗ್ಯಾರೇಜಿನ ಮೆಕ್ಯಾನಿಕ್ ದಿನಾ ಎತ್ತುತ್ತಾನೆ. ತಾಲೀಮೂ ಇಲ್ಲ, ಕಡಗವೂ ಇಲ್ಲ. ಕೊನೆಗೆ ಸಿಗೋದು ಎಕ್ಸ್‌ರೇ, ಎಂಆರ್‌ಐ ಮತ್ತು ನಡುವಿಗೆ ಕಟ್ಟೋ ಬೆಲ್ಟ್.

ಈ ಸಲದ ಅಂಕಣ ಆ ಎತ್ತುವ ಕೆಲಸದ ಬಗ್ಗೆ. ಅದನ್ನು ತಪ್ಪಿಸೋಕೆ ಇಳಕಲ್‌ನಲ್ಲಿ ನಾವು ಮಾಡಿಕೊಂಡ, ನಾಲ್ಕು ಗಾಲಿ ಇರುವ ಒಂದು ಮರದ ಹಲಗೆಯ ಬಗ್ಗೆ. ಇಂಗ್ಲಿಷಿನಲ್ಲಿ ಇದಕ್ಕೆ ಡಾಲಿ ಅಂತಾರೆ. ನಮ್ಮ ಕಾಕಾ ಇಟ್ಟ ಹೆಸರು 'ಗಾಲಿ ಮಣಿ'. ಊಟಕ್ಕೆ ಕೂರೋ ಮಣೆಗೆ ಗಾಲಿ ಹಚ್ಚಿದಂಗೆ ಕಾಣೋದ್ರಿಂದ ಆ ಹೆಸರು.

ಕಾಕಾನ ಗ್ಯಾರೇಜು ಹೆದ್ದಾರಿ 50ಕ್ಕೆ ಹತ್ತಿರ. ವಿಜಯಪುರದಿಂದ ಹುನಗುಂದ, ಇಳಕಲ್ ದಾಟಿ ಹೊಸಪೇಟೆ ಕಡೆ ಹೋಗೋ ರಸ್ತೆ ಅದು. ನಮ್ಮೂರನ್ನು ಹೊರಗಿನವರು ಸೀರೆಯಿಂದ ಗುರುತಿಸ್ತಾರೆ. ಗ್ಯಾರೇಜಿನವರು ಗುರುತಿಸೋದು ಕೆಂಪು ಗ್ರಾನೈಟಿನಿಂದ. ಒಂದು ಘನ ಮೀಟರ್ ಗ್ರಾನೈಟ್ ಅಂದ್ರೆ 2,600ರಿಂದ 2,700 ಕೆ.ಜಿ. ತೂಕ. ಇಂಥ ಭಾರ ಹೊತ್ತು ಕ್ವಾರಿಯ ಏರು ಹತ್ತೋ ಲಾರಿಗಳ ಕ್ಲಚ್ ಪ್ಲೇಟ್ ಬೇಗ ಸವೀತದೆ. ಕ್ಲಚ್ ಪ್ಲೇಟ್ ಬದಲಿಸಬೇಕಂದ್ರೆ ಮೊದಲು ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿ, ಪಕ್ಕಕ್ಕೆ ಸಾಗಿಸಿ, ಕೆಲಸ ಮುಗಿದ ಮೇಲೆ ಮತ್ತೆ ತಂದು ಏರಿಸಬೇಕು. ಒಂದು ಲಾರಿಗೆ ಎರಡು ಸಲ ಅದೇ ಹೆಣಗಾಟ.

ಹೋದ ಮಳೆಗಾಲದಲ್ಲಿ ಕಾಕಾನ ನಡ ಹಿಡೀತು. ಎರಡು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಡಿಸ್ಕ್ ಜಾರಿದೆ, ಇನ್ನು ಮುಂದೆ ಭಾರ ಎತ್ತುವಂತಿಲ್ಲ ಅಂದರು ಡಾಕ್ಟರು. ಕಾಕಾಗೆ ಈಗ 54. ಮಗಳ ಓದು ಇನ್ನೂ ಎರಡು ವರ್ಷ ಇದೆ.

"ಎತ್ತಾಕ ಆಗದವಾ ಗ್ಯಾರೇಜ್ ಇಟ್ಕೊಂಡು ಏನ್ ಮಾಡೂದು ತಮ್ಮಾ? ಪಾನಾ ಎಲ್ಲಾ ಮಾರಿ ಮನ್ಯಾಗ ಕುಂದ್ರತೀನಿ" ಅಂದ. ಚೇಷ್ಟೆಗೆ ಅಂದದ್ದಲ್ಲ. ಗಿರಾಕಿ ಹುಡುಕೋಕೆ ಶುರು ಮಾಡಿದ್ದ. ಮೂವತ್ತು ವರ್ಷ ಲಾರಿಯ ಸದ್ದು ಕೇಳಿ ರೋಗ ಹೇಳುವ ಮನುಷ್ಯ ಬರೀ ಎತ್ತೋಕೆ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕಬೇಕಾ ಅಂತ ನನಗೆ ಅನ್ನಿಸ್ತು.

ನಡುವಿನ ಮೇಲೆ ಬೀಳುವ ಭಾರ

ಮೊದಲು ತೂಕ ಮಾಡಿದೆವು. ಗುಜರಿ ಅಂಗಡಿಯ ಕಾಟಾದ ಮೇಲೆ ಒಂದು ಲಾರಿಯ ಗೇರ್‌ಬಾಕ್ಸ್ ಇಟ್ಟರೆ 120 ಕೆ.ಜಿ. ತೋರಿಸಿತು. ಇಬ್ಬರು ಎತ್ತಿದರೆ ತಲೆಗೆ 60. "ಅಷ್ಟ ಅಲ್ಲೇನು, ಸಿಮೆಂಟ್ ಚೀಲಕ್ಕಿಂತ ಹತ್ತು ಕೆ.ಜಿ. ಹೆಚ್ಚು" ಅಂದ ಕಾಕಾ.

ಆದರೆ ಬೆನ್ನಿನ ಲೆಕ್ಕ ಬೇರೆ. ಬಗ್ಗಿ ಎತ್ತುವಾಗ ನಮ್ಮ ಸೊಂಟ ಒಂದು ಸನ್ನೆಕೋಲು ಇದ್ದಂತೆ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಮಧ್ಯದಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ. ಕೈಯಲ್ಲಿರೋ ಭಾರ ಮುಂದೆ 40 ಸೆಂ.ಮೀ. ದೂರದಲ್ಲಿ ಇರ್ತದೆ. ಅಂದ್ರೆ ಎಂಟು ಪಟ್ಟು. 60 ಕೆ.ಜಿ. ಎತ್ತೋಕೆ ಸ್ನಾಯು 480 ಕೆ.ಜಿ.ಯಷ್ಟು ಎಳೀಬೇಕು, ಆ ಎಳೆತವೆಲ್ಲ ಡಿಸ್ಕನ್ನು ಒತ್ತುತ್ತದೆ. ಬಗ್ಗಿದ ಮೈಯ ತೂಕ ಇದರಲ್ಲಿ ಸೇರಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಭಾರ ಎತ್ತುವುದಕ್ಕೆ ಒಂದು ಸೂತ್ರ ಮಾಡಿದೆ. ಭಾರ ಮೈಗೆ ಹತ್ತಿರ, ಹಿಡಿತ ಗಟ್ಟಿ, ಮೈ ತಿರುಚುವಂತಿಲ್ಲ, ಹೀಗೆ ಎಲ್ಲಾ ಅನುಕೂಲ ಇದ್ದಾಗಲೂ ಅದು ಹೇಳೋ ಮಿತಿ 23 ಕೆ.ಜಿ. ಲಾರಿಯ ಕೆಳಗೆ ಆ ಅನುಕೂಲಗಳಲ್ಲಿ ಒಂದೂ ಇರಲ್ಲ. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂನಲ್ಲಿ, ಗಾಯವಾಗುವಷ್ಟು ಭಾರ ಯಾರಿಂದಲೂ ಎತ್ತಿಸಬಾರದು ಅಂತ ಬರೆದಿದ್ದರು. ಮೂರು ಜನರ ಗ್ಯಾರೇಜಿನ ತನಕ ಅಂಥ ಕಾನೂನು ನಡೆದು ಬರೋದಿಲ್ಲ. ಅಲ್ಲಿ ಹುಡುಗರ ಬೆನ್ನು ಉಳಿಯೋದು ಮಾಲೀಕನ ಬುದ್ಧಿಯಿಂದ ಮಾತ್ರ.

ಎಲ್ಲಾ ಗಾಲಿ ಒಂದೇ ಅಲ್ಲ

ಭಾರ ಸಾಗಿಸೋದು ನಮ್ಮೂರಿಗೆ ಹೊಸದಲ್ಲ. ಕಲ್ಲಿನವರು ಹಾರಿಯಿಂದ ಮೀಟಿ, ಕೆಳಗೆ ಪೈಪು ಕೊಟ್ಟು, ಹಿಂದೆ ಉಳಿದ ಪೈಪನ್ನು ಮತ್ತೆ ಮುಂದೆ ಹಾಕಿ ಉರುಳಿಸ್ತಾರೆ. ಪಾಲಿಶ್ ಘಟಕಗಳಲ್ಲಿ ಗ್ರಾನೈಟ್ ಹಾಳೆಗಳನ್ನು ನಿಲ್ಲಿಸಿ ಒಯ್ಯೋಕೆ ಗಾಲಿ ಚೌಕಟ್ಟು ಇರ್ತಾವೆ. 20 ಎಂ.ಎಂ. ದಪ್ಪದ ಒಂದು ಚದರ ಮೀಟರ್ ಹಾಳೆಯೇ 50 ಕೆ.ಜಿ. ದಾಟುತ್ತದೆ, ಕೈಯಲ್ಲಿ ಎಷ್ಟಂತ ಹೊರ್ತಾರೆ? ಹಾಗಾಗಿ ನಾವೇನೂ ಹೊಸದು ಕಂಡುಹಿಡಿದಿಲ್ಲ. ಗ್ಯಾರೇಜಿನ ಅಳತೆಗೆ ಮಾಡಿಕೊಂಡೆವು, ಅಷ್ಟೇ.

ಗಾಲಿ ಆರಿಸುವಾಗ ಮೂರು ವಿಷಯ ನೋಡಬೇಕು.

ಒಂದು, ಗಾಲಿಯ ದೊಡ್ಡತನ. ಕಾಕಾನ ಗ್ಯಾರೇಜಿನ ನೆಲಕ್ಕೆ ಒಡೆದ ಗ್ರಾನೈಟ್ ತುಂಡು ಜೋಡಿಸಿದ್ದಾರೆ. ಸಂದುಗಳಲ್ಲಿ 5 ಎಂ.ಎಂ. ಏರುಪೇರು ಇದೆ. ಒಂದು ಗಾಲಿಯ ಮೇಲೆ 40 ಕೆ.ಜಿ. ಭಾರ ಇದ್ದರೆ, ಆ 5 ಎಂ.ಎಂ. ಏರು ಹತ್ತಿಸೋಕೆ 2 ಇಂಚಿನ ಗಾಲಿಗೆ ಸುಮಾರು 30 ಕೆ.ಜಿ.ಯಷ್ಟು ತಳ್ಳಬೇಕು. 4 ಇಂಚಿನದಕ್ಕೆ 19, 6 ಇಂಚಿನದಕ್ಕೆ 15. ಎರಡರಿಂದ ನಾಲ್ಕಕ್ಕೆ ಹೋದರೆ ಲಾಭ ದೊಡ್ಡದು, ನಾಲ್ಕರಿಂದ ಆರಕ್ಕೆ ಸಣ್ಣದು. ಮೇಲಾಗಿ ಗಾಲಿ ದೊಡ್ಡದಾದಷ್ಟೂ ಭಾರ ಎತ್ತರಕ್ಕೆ ಹೋಗಿ ವಾಲೋ ಭಯ. ಅದಕ್ಕೇ 4 ಇಂಚು ತಗೊಂಡೆವು.

ಎರಡು, ಗಾಲಿಯ ತಾಕತ್ತು. ನಾಲ್ಕು ಗಾಲಿ ಇದಾವೆ ಅಂತ ಭಾರವನ್ನು ನಾಲ್ಕರಿಂದ ಭಾಗಿಸಬೇಡಿ. ಏರುಪೇರಿನ ನೆಲದಲ್ಲಿ ಒಂದು ಗಾಲಿ ಗಾಳಿಯಲ್ಲಿ ಇರ್ತದೆ, ಕುಂಟ ಮೇಜಿನ ಹಾಗೆ. ಮೂರರಿಂದ ಭಾಗಿಸಿ. ನಮ್ಮ ಲೆಕ್ಕ ಹೀಗಿತ್ತು: ಗೇರ್‌ಬಾಕ್ಸ್ 120, ಮಣಿ 15, ಒಟ್ಟು 135. ಇಳಿಸುವಾಗ ದಡ್ ಅಂತ ಕೂತರೆ ಅಂತ ಎರಡು ಪಟ್ಟು, 270. ಮೂರರಿಂದ ಭಾಗಿಸಿದರೆ ಗಾಲಿಗೆ 90 ಕೆ.ಜಿ. ಒಂದೊಂದು 150 ಕೆ.ಜಿ. ತಡೆಯೋ ಗಾಲಿ ತಂದೆವು.

ಮೂರು, ಗಾಲಿಯ ಜಾತಿ. ಕಬ್ಬಿಣದ ಗಾಲಿ ಗಟ್ಟಿ, ಆದರೆ ಸದ್ದು ಜಾಸ್ತಿ, ಕಲ್ಲಿನ ಮೇಲೆ ಜಾರುತ್ತದೆ. ಸಾದಾ ರಬ್ಬರ್ ಮೆತ್ತಗೆ ಓಡ್ತದೆ, ಆದರೆ ಡೀಸೆಲ್, ಆಯಿಲ್ ತಾಗಿದರೆ ಉಬ್ಬುತ್ತದೆ. ಗ್ಯಾರೇಜಿನಲ್ಲಿ ಅವೆರಡೂ ಇಲ್ಲದ ಜಾಗ ಎಲ್ಲಿದೆ? ಪಾಲಿಯುರೆಥೇನ್ ಅಂದರೆ ಪಿಯು ಗಾಲಿ ಇವೆರಡರ ನಡುವಿನದು. ಎರಡು ಗಾಲಿ ನೇರ ಓಡುವಂಥವು, ಎರಡು ತಿರುಗುವಂಥವು, ತಿರುಗುವ ಎರಡಕ್ಕೂ ಬ್ರೇಕ್. ನೀರು ಹರಿಯಲಿ ಅಂತ ಗ್ಯಾರೇಜಿನ ನೆಲ ರಸ್ತೆ ಕಡೆ ಇಳಿಜಾರು ಇರ್ತದಲ್ಲ, ನಾಲ್ಕೂ ತಿರುಗೋ ಗಾಲಿ ಹಾಕಿದರೆ ಮಣಿ ತನ್ನ ಪಾಡಿಗೆ ಅಡ್ಡ ಹೊರಡ್ತದೆ.

ಬಡಿಗೇರ ಅಜ್ಜನ ಮಾತು

ಮರ ಸಿಕ್ಕಿದ್ದು ಹಳೇ ಮಾಳಿಗೆ ಮನೆ ಕೆಡವಿದಾಗ ಬಂದ ಬೇವಿನ ಜಂತಿಗಳಿಂದ. ಹಳೇ ಮರಕ್ಕೆ ಒಂದು ಗುಣ: ಒಣಗೋದು ಯಾವಾಗಲೋ ಮುಗಿದಿರ್ತದೆ, ಹೊಸದಾಗಿ ಸೊಟ್ಟಗಾಗಲ್ಲ. ಒರಲಿ ತಿಂದಿದೆಯಾ ಅಂತ ಉಳಿಯಿಂದ ಬಡಿದು ನೋಡಬೇಕು, ಹಳೇ ಮೊಳೆ ಒಂದೂ ಉಳಿಯದಂತೆ ತೆಗೀಬೇಕು.

ಮಗ್ಗ ರಿಪೇರಿ ಮಾಡಿಯೇ ಕೈ ಪಳಗಿದ ಬಡಿಗೇರ ಅಜ್ಜ ಒಬ್ಬರಿದ್ದಾರೆ. ನಾನು ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಒಯ್ದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕಟ್ಟು. 4 ಇಂಚು ಅಗಲ, 2 ಇಂಚು ದಪ್ಪದ ಪಟ್ಟಿ. ಮೂಲೆಗಳಲ್ಲಿ ಎರಡೂ ಪಟ್ಟಿ ಅರ್ಧರ್ಧ ಕೆತ್ತಿ ಒಂದರ ಮೇಲೊಂದು ಕೂರಿಸೋದು. ಕಾಕಾ ಪಕ್ಕದಲ್ಲಿ ನಿಂತು, "ಅಜ್ಜಾರ, ನಡುವನೂ ಒಂದ ಅಡ್ಡಪಟ್ಟಿ ಕೆತ್ತಿ ಕೂಡಸ್ರಿ, ಗಟ್ಟಿ ಆಗ್ತೈತಿ" ಅಂದ.

"ಗಟ್ಟಿ ಆಗಂಗಿಲ್ಲೋ ತಮ್ಮಾ. ನಡುವ ಕೆತ್ತಿದ್ರ ನಡುವ ಮುರೀತೈತಿ" ಅಂದರು ಅಜ್ಜ, ತಲೆ ಎತ್ತದೆ.

ಇದನ್ನೇ ನಾವು ಕಾಲೇಜಿನಲ್ಲಿ ಬೆಂಡಿಂಗ್ ಮೊಮೆಂಟ್ ಅಂತ ಓದಿದ್ದು. ಎರಡು ತುದಿಗೆ ಆಧಾರ ಕೊಟ್ಟು ನಡುವೆ ಭಾರ ಹೇರಿದರೆ ಬಾಗುವ ಒತ್ತಡ ಅತಿ ಹೆಚ್ಚು ಇರೋದು ನಡುವೆಯೇ. ಅಲ್ಲಿ ಮರ ಕೆತ್ತಿ ತೆಳ್ಳಗೆ ಮಾಡಿದರೆ ನಾವೇ ಮುರಿಯೋ ಜಾಗ ತೋರಿಸಿಕೊಟ್ಟಂತೆ. ಮೂಲೆಯಲ್ಲಿ ಕೆತ್ತಿದರೆ ತೊಂದರೆ ಇಲ್ಲ, ಕೆಳಗೆ ನೇರವಾಗಿ ಗಾಲಿ ಇರ್ತದೆ. ನಡುವಿನ ಪಟ್ಟಿ ಬದಲು, ಒಂದಿಂಚು ದಪ್ಪದ ಹಲಗೆಗಳನ್ನು ಅಡ್ಡಡ್ಡ ಹಾಸಿದೆವು.

ಗಾಲಿಗೆ ಮೊಳೆ, ಸ್ಕ್ರೂ ಎರಡೂ ಬೇಡ. ಗಾಲಿಯ ಪ್ಲೇಟಿನಿಂದ ಹಿಡಿದು ಮೂಲೆಯ ಎರಡೂ ಪಟ್ಟಿ ದಾಟಿ ಹೋಗುವ ಬೋಲ್ಟ್, ಮೇಲೆ ಅಗಲ ವಾಶರ್, ಲಾಕ್ ನಟ್. ನಟ್ ಮೇಲೆ ಚಾಚದಂತೆ ಹಲಗೆಯ ತಳದಲ್ಲಿ ಗುಳಿ ತೆಗೆದರು ಅಜ್ಜ. ಮೇಲೆ ವಿ ಆಕಾರಕ್ಕೆ ಕೆತ್ತಿದ ಎರಡು ದಿಮ್ಮಿ, ಅದಕ್ಕೆ ಹಳೇ ಟೈರಿನ ರಬ್ಬರ್. ಗೇರ್‌ಬಾಕ್ಸಿಗೆ ಸಪಾಟು ತಳ ಇರಲ್ಲ, ದಿಮ್ಮಿ ಇಲ್ಲದಿದ್ದರೆ ಹೊರಳ್ತದೆ. ಬದಿಗೆ ಬೆಲ್ಟ್ ಬಿಗಿಯೋಕೆ ನಾಲ್ಕು ಕೊಂಡಿ. ಒಂದು ತುದಿಗೆ ಸೊಂಟದ ಎತ್ತರದ ಪೈಪ್ ಹಿಡಿಕೆ, ಬೇಡವಾದಾಗ ತೆಗೆಯುವಂಥದ್ದು. ಹಿಡಿಕೆ ಇಲ್ಲದಿದ್ದರೆ ಮತ್ತೆ ಬಗ್ಗಿಯೇ ತಳ್ಳಬೇಕು, ಆಗ ಇಷ್ಟೆಲ್ಲ ಮಾಡಿ ಏನು ಬಂತು?

ಗಾಲಿ, ಬೋಲ್ಟ್, ಅಜ್ಜನ ಒಂದು ದಿನದ ಕೂಲಿ ಎಲ್ಲಾ ಸೇರಿ ಖರ್ಚು ಸುಮಾರು 3,000 ರೂಪಾಯಿ. ನೆಲದಿಂದ ಹಲಗೆಯ ಎತ್ತರ 8 ಇಂಚು.

ಮಣಿ ಮಾಡದ ಕೆಲಸ

ಇದು ಸಾಗಿಸ್ತದೆ, ಎತ್ತಲ್ಲ. ಗೇರ್‌ಬಾಕ್ಸ್ ಇಳಿಸೋಕೂ ಏರಿಸೋಕೂ ಚೈನ್ ಪುಲ್ಲಿಯೋ, ಗೇರ್‌ಬಾಕ್ಸ್ ಜಾಕೋ ಬೇಕೇ ಬೇಕು. ಬರೀ ಜಾಕ್ ಮೇಲೆ ನಿಂತ ಲಾರಿಯ ಕೆಳಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಕೊಟ್ಟು, ಗಾಲಿಗೆ ಕಲ್ಲು ಕೊಟ್ಟು ಆಮೇಲೆ ಮುಂದಿನ ಮಾತು. ಭಾರ ಮಣಿಯ ಮೇಲೆ ಕೂರೋವಾಗ ಬ್ರೇಕ್ ಹಾಕಿರಬೇಕು, ಬೆರಳು ದಿಮ್ಮಿಯಿಂದ ದೂರ ಇರಬೇಕು. ಹಿಂದೆ ಹೆಲ್ಪರ್ ಹುಡುಗನ ಬೆರಳು ಗೇರ್‌ಬಾಕ್ಸಿನ ಅಡಿ ಸಿಕ್ಕಿ ಉಗುರು ಹೋಗಿತ್ತು. ಈಗ ಹೊಸಬರು ಬಂದರೆ ಅವನೇ ಮೊದಲು ಕೈ ತೋರಿಸಿ ಪಾಠ ಹೇಳ್ತಾನೆ. ಇಳಿಜಾರಿನಲ್ಲಿ ಭಾರದ ಮುಂದೆ ನಿಲ್ಲಬಾರದು. ಅದರ ಮೇಲೆ ನಿಂತು ಬಲ್ಬ್ ಹಾಕಬಾರದು, ಮಕ್ಕಳನ್ನು ಕೂರಿಸಿ ಎಳೀಬಾರದು. ತಿಂಗಳಿಗೊಮ್ಮೆ ನಟ್ ಬಿಗಿ ನೋಡಬೇಕು.

ಮೊದಮೊದಲು ಕಾಕಾ ಅದನ್ನು ಮುಟ್ಟಲಿಲ್ಲ. ಗಿರಾಕಿ ಮುಂದೆ ಗಾಲಿ ಮೇಲೆ ಇಟ್ಟು ತಳ್ಳೋದು ಅವನಿಗೆ ಅವಮಾನದಂಗೆ ಇತ್ತು. ಮಣಿ ಮೂಲೆಯಲ್ಲಿ ಬಿದ್ದಿತ್ತು, ಹುಡುಗರು ಆಯಿಲ್ ಬ್ಯಾರಲ್ ಸಾಗಿಸೋಕೆ ಬಳಸೋಕೆ ಶುರು ಮಾಡಿದರು. ತುಂಬಿದ ಬ್ಯಾರಲ್ ಸುಮಾರು 200 ಕೆ.ಜಿ. ಇರ್ತದೆ, ನಮ್ಮ ಲೆಕ್ಕಕ್ಕಿಂತ ಜಾಸ್ತಿ. ಅದಕ್ಕೆ ಕಾಕಾ ಬೈದು, ಅರ್ಧ ಖಾಲಿಯಾದ ಬ್ಯಾರಲ್ ಮಾತ್ರ ಇಡಬೇಕು ಅಂತ ಕಟ್ಟಳೆ ಮಾಡಿದ. ಮಣಿಯ ಮಿತಿಯನ್ನು ಅಷ್ಟು ಚೆನ್ನಾಗಿ ನೆನಪಿಟ್ಟವನು ತನ್ನ ನಡುವಿನ ಮಿತಿ ಒಪ್ಪಲು ಇನ್ನೂ ಒಂದು ವಾರ ತಗೊಂಡ. ಒಂದಿನ ಹೆಲ್ಪರ್ ಬಂದಿರಲಿಲ್ಲ, ಲಾರಿ ಡ್ರೈವರ್ ಅವಸರದಲ್ಲಿದ್ದ. ಕಾಕಾ ಚೈನ್ ಪುಲ್ಲಿಯಿಂದ ಗೇರ್‌ಬಾಕ್ಸನ್ನು ಮಣಿಯ ಮೇಲೆ ಕೂರಿಸಿ, ಬೆಲ್ಟ್ ಬಿಗಿದು, ನೆಟ್ಟಗೆ ನಿಂತು ತಾನೇ ತಳ್ಳಿಕೊಂಡು ಹೋದ. ಡ್ರೈವರ್ ನಗಲಿಲ್ಲ. "ಇದನ್ನ ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿದನಂತೆ.

ಕಾಕಾನ ಡಿಸ್ಕ್ ಸರಿಹೋಗಿಲ್ಲ. ಬೆಲ್ಟ್ ಈಗಲೂ ಕಟ್ತಾನೆ, ಚಳಿಗಾಲದ ಬೆಳಗ್ಗೆ ಏಳೋದು ಈಗಲೂ ಕಷ್ಟ. ಆದರೆ ಪಾನಾ ಮಾರೋ ಮಾತು ನಿಂತಿದೆ, ಗ್ಯಾರೇಜಿನ ಬಾಗಿಲು ಒಂಬತ್ತಕ್ಕೆ ತೆರೀತದೆ.

ನಮ್ಮಲ್ಲಿ ಬಹಳ ಜನ ದಿನಾ ಎತ್ತೋದು ಲ್ಯಾಪ್‌ಟಾಪ್ ಚೀಲ ಒಂದೇ. ಅದನ್ನು ಇಡೋಕೆ ಸಾವಿರಾರು ರೂಪಾಯಿಯ ಮೇಜು, ಬೆನ್ನಿಗೆ ಒಳ್ಳೆ ಕುರ್ಚಿ ಎಲ್ಲಾ ತರಿಸ್ತೀವಿ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯವರು ಏನೇನು ಎತ್ತುತ್ತಾರೆ ಅಂತ ಒಮ್ಮೆ ನೋಡಿ. ಅಪ್ಪನ ಅಂಗಡಿಯ ಚೀಲ, ಮಾಮಾನ ಗಿರಣಿಯ ಮೋಟಾರು, ಅವ್ವ ಪ್ರತಿ ವಾರ ಜರುಗಿಸುವ ಗ್ಯಾಸ್ ಸಿಲಿಂಡರು. ಮನೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ. ಇರ್ತದೆ, ಕಬ್ಬಿಣದ ತೂಕ ಬೇರೆ. ಎಷ್ಟು ತೂಕ, ದಿನಕ್ಕೆ ಎಷ್ಟು ಸಲ, ಎಷ್ಟು ದೂರ ಅಂತ ಬರ್ಕೊಳ್ಳಿ. ನೆಲದ ಏರುಪೇರು ಅಳೆಯಿರಿ. ಆಮೇಲೆ ಊರಿನ ಬಡಿಗೇರರ ಹತ್ತಿರ ಹೋಗಿ, ಚಿತ್ರ ತೋರಿಸಿ, ಅವರು ಬೇಡ ಅಂದಿದ್ದನ್ನು ಕೇಳಿಸಿಕೊಳ್ಳಿ.