ಬೆಟ್ಟ ನಮ್ಮದು, ಕೀರ್ತಿ ಯಾರದು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ರಾಮನಗರವು ಸಮೀಪಿಸುತ್ತಲೇ ಬೃಹದಾಕಾರದ ಬಂಡೆಗಳು ಪ್ರಯಾಣಿಕರ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಕಂಡೊಡನೆ ಪರಸ್ಥಳದವರ ಬಾಯಿಂದ ಹೊರಡುವ ಹೆಸರು ರಾಮದೇವರದಲ್ಲ; ಗಬ್ಬರ್ ಸಿಂಗನದು. ದೇವರ ಬೆಟ್ಟವು ಡಕಾಯಿತನ ಬೆಟ್ಟವಾಗಿ ಐವತ್ತು ವರ್ಷಗಳು ಕಳೆದುವು. ಇದು ನಗತಕ್ಕ ಸಂಗತಿಯೇ ಆದರೂ, ಆ ನಗುವಿನ ಹಿಂದೆ ಯೋಚಿಸತಕ್ಕ ವಿಷಯವೊಂದು ಇದೆಯೆಂದು ನಮಗೆ ತೋರುತ್ತದೆ.

ರಮೇಶ್ ಸಿಪ್ಪಿಯವರು ನಿರ್ದೇಶಿಸಿದ “ಶೋಲೆ” ಎಂಬ ಹಿಂದಿ ಚಿತ್ರದ ಕೆಲಸವು ಈ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ಮೊದಲಾಯಿತು. ಕಲಾನಿರ್ದೇಶಕ ರಾಮ್ ಯಾಡೇಕರರು ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ಅದಕ್ಕೆ ಕಥೆಯಲ್ಲಿ ರಾಮಗಢವೆಂದು ಹೆಸರಾಯಿತು. ಚಿತ್ರವು 1975ರ ಆಗಸ್ಟ್ 15ರಂದು ತೆರೆಕಂಡಿತು. ಮೊದಲ ದಿನಗಳಲ್ಲಿ ಅದು ಸೋತಿತೆಂದೇ ವ್ಯಾಪಾರಿಗಳು ಬಗೆದರು. ಆದರೆ ಅದೇ ಚಿತ್ರವು ಮುಂದೆ ಮುಂಬಯಿಯ ಮಿನರ್ವಾ ಮಂದಿರದಲ್ಲಿ ಐದು ವರ್ಷಗಳ ಕಾಲ ನಡೆಯಿತು. 2025ರಲ್ಲಿ ಅದರ ಐವತ್ತನೆಯ ವರ್ಷಕ್ಕೆಂದು ಹಳೆಯ ಪ್ರತಿಯನ್ನು ಜೀರ್ಣೋದ್ಧಾರಮಾಡಿ, ಇಟಲಿಯ ಬೊಲೋನ್ಯ ನಗರದಲ್ಲಿಯೂ ಪ್ರದರ್ಶಿಸಿದರು. ಇಷ್ಟು ಬಾಳಿದ ಕೃತಿಯನ್ನು ಬರಿಯ ಗುಂಡು ಹಾರಾಟದ ಚಿತ್ರವೆಂದು ತಳ್ಳಿಹಾಕುವುದು ವಿವೇಕವಲ್ಲ. ಅದರ ನಿಜವಾದ ಬಲವು ಹಾಡನ್ನು ಕಥೆಗೆ ಹೊಸೆದ ರೀತಿಯಲ್ಲಿಯೂ, ಕೀರ್ತಿಯನ್ನು ಕುರಿತು ಅದು ನಕ್ಕಿರುವ ನಗೆಯಲ್ಲಿಯೂ ಇದೆ.

ಹಾಡು ನಮ್ಮವರಿಗೆ ಹೊಸದಲ್ಲ. ನಾಟಕ ಕಂಪನಿಗಳ ಕಾಲದಲ್ಲಿ ರಾಜನ ಪಾತ್ರಧಾರಿಯು ಪ್ರಾಣ ಬಿಡುವ ಮೊದಲು ಒಂದು ಕಂದವನ್ನು ಹಾಡುತ್ತಿದ್ದನು; ಸಭಿಕರು “ವನ್ಸ್ ಮೋರ್” ಎಂದು ಕೂಗಿದರೆ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದನು ಎಂದು ಹಿರಿಯರು ಹೇಳುವುದುಂಟು. 1934ರಲ್ಲಿ “ಸತಿ ಸುಲೋಚನ” ಬಂದು ಕನ್ನಡ ಚಿತ್ರವು ಮಾತಾಡತೊಡಗಿದಾಗ, ರಂಗಭೂಮಿಯ ಈ ಗುಣವೂ ದೋಷವೂ ಒಟ್ಟಿಗೇ ಬೆಳ್ಳಿತೆರೆಗೆ ಇಳಿದುವು. ಅಂದಿನಿಂದ ಇಂದಿನವರೆಗೆ ನಮ್ಮ ಚಿತ್ರಗಳಲ್ಲಿ ಹಾಡು ಬಂದಿತೆಂದರೆ ಕಥೆಯು ಹೊರಗೆ ಹೋಗಿ ಸುಧಾರಿಸಿಕೊಂಡು ಬರುವುದೇ ರೂಢಿಯಾಗಿದೆ. ಪ್ರೇಕ್ಷಕರೂ ಕಥೆಯ ಹಿಂದೆಯೇ ಹೊರಗೆ ಹೋಗುತ್ತಾರೆ.

“ಶೋಲೆ”ಯಲ್ಲಿ ಹಾಗಿಲ್ಲ. ಮೂರು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಆನಂದ್ ಬಕ್ಷಿಯವರು ಬರೆದು ರಾಹುಲದೇವ ಬರ್ಮನರು ರಾಗ ಹಾಕಿದ ಹಾಡುಗಳು ಐದೇ ಐದು. ಒಂದು ಕವ್ವಾಲಿಯನ್ನು ಮುದ್ರಿಸಿಯೂ ಕೈಬಿಟ್ಟರು. ಉಳಿದವು ಮಾಡುವ ಕೆಲಸವನ್ನು ನೋಡಿ. ಹೋಳಿ ಹಬ್ಬ ಯಾವಾಗ ಎಂದು ಗಬ್ಬರನು ತನ್ನ ಬಂಡೆಯ ಮೇಲೆ ನಿಂತು ಕೇಳುತ್ತಾನೆ. ಅದಾದ ಮೇಲೆ ಹಳ್ಳಿಯಲ್ಲಿ ಬಣ್ಣವೆರಚುವ ಹಾಡು ಬರುತ್ತದೆ. ಕುಣಿಯುವವರಿಗೆ ತಿಳಿಯದ ಸಂಗತಿಯು ನೋಡುವವರಿಗೆ ತಿಳಿದಿದೆ. ಆದುದರಿಂದ ಆ ಸಂತೋಷದ ಹಾಡಿನ ಒಂದೊಂದು ಚರಣವೂ ಎದೆಯನ್ನು ಹಿಂಡುತ್ತದೆ. ಕಡೆಗೆ ಡಕಾಯಿತರ ಕುದುರೆಗಳು ಬಂದೇ ಬರುತ್ತವೆ. ಇನ್ನೊಂದೆಡೆ ಹೆಲೆನ್ ಎಂಬಾಕೆ ಗಬ್ಬರನ ಮುಂದೆ ಕುಣಿಯುತ್ತಿರುವಾಗಲೇ ನಾಯಕರಿಬ್ಬರು ಅವನ ಮದ್ದುಗುಂಡುಗಳಿಗೆ ಬೆಂಕಿಯಿಡಲು ತೆವಳಿ ಬರುತ್ತಾರೆ. ಕೊನೆಯ ಹಾಡಿನಲ್ಲಂತೂ ಹಾಡೇ ಕಥೆಯಾಗುತ್ತದೆ: ಬಸಂತಿಯ ಕಾಲು ನಡೆಯುವಷ್ಟು ಹೊತ್ತು ಮಾತ್ರ ವೀರುವಿನ ಉಸಿರು ನಡೆಯತಕ್ಕದ್ದು ಎಂದು ಅಪ್ಪಣೆಯಾಗಿದೆ, ಗಾಜಿನ ಚೂರುಗಳ ಮೇಲೆ ಆಕೆ ಕುಣಿಯುವಾಗ ಪ್ರೇಕ್ಷಕರು ತಾಳವನ್ನು ಎಣಿಸುವುದಿಲ್ಲ, ಪ್ರಾಣವನ್ನು ಎಣಿಸುತ್ತಾರೆ.

ಗತಿಯ ವಿಷಯದಲ್ಲಿಯೂ ಇದೇ ಮಿತವ್ಯಯವನ್ನು ಕಾಣಬಹುದು. ಸ್ನೇಹವನ್ನು ಕೊಂಡಾಡುವ ಹಾಡು ಮೊದಲು ಬಂದಾಗ ಮೋಟಾರು ಸೈಕಲ್ಲಿನ ವೇಗದಲ್ಲಿ ಓಡುತ್ತದೆ. ಅದೇ ಧಾಟಿ ಜಯನು ಸಾಯುವಾಗ ಮೆಲ್ಲನೆ ಮರಳಿ ಬರುತ್ತದೆ. ಹಾಡಿಲ್ಲದ ಕಡೆ ಮೌನವೇ ಹಾಡಿನ ಕೆಲಸ ಮಾಡುತ್ತದೆ. ವಿಧವೆಯಾದ ರಾಧೆಯು ಮೊಗಸಾಲೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ. ದೂರದಲ್ಲಿ ಕುಳಿತ ಜಯನು ಬಾಯಿವಾದ್ಯವನ್ನು ನುಡಿಸುತ್ತಾನೆ. ಅವರಿಬ್ಬರೂ ಒಂದು ಮಾತನ್ನೂ ಆಡುವುದಿಲ್ಲ. ಅಬ್ಬರದ ಚಿತ್ರವೆಂದು ಹೆಸರಾದ ಕೃತಿಯಲ್ಲಿ ಜನರ ಮನಸ್ಸಿನಲ್ಲಿ ಉಳಿದಿರುವುದು ಈ ನಿಶ್ಶಬ್ದವೇ ಎಂಬುದನ್ನು ಇಂದಿನ ನಿರ್ಮಾಪಕರು ಗಮನಿಸಬೇಕು.

ಇನ್ನು ಕೀರ್ತಿಯ ಅಣಕದ ಮಾತು. ಸಲೀಂ–ಜಾವೇದರು ಬರೆದ ಈ ಕಥೆಯಲ್ಲಿ ಹೆಸರಿಗಾಗಿ ಹಪಹಪಿಸುವವರೆಲ್ಲರೂ ನಗೆಗೀಡಾಗುತ್ತಾರೆ. ಸೂರ್ಮಾ ಭೋಪಾಲಿ ಎಂಬ ಮರದ ವ್ಯಾಪಾರಿಯು ಜಯ–ವೀರುಗಳನ್ನು ತಾನೇ ಹೊಡೆದು ಹಿಡಿದೆನೆಂದು ಜನರ ಮುಂದೆ ಕೊಚ್ಚಿಕೊಳ್ಳುತ್ತಿರುತ್ತಾನೆ. ಆ ಇಬ್ಬರೂ ಬಂದು ಅವನ ಬೆನ್ನ ಹಿಂದೆಯೇ ನಿಂತಿರುತ್ತಾರೆ. ತಾನು ಆಂಗ್ಲರ ಕಾಲದವನೆಂದು ಬೀಗುವ ಜೈಲರನನ್ನು ಕೈದಿಗಳೇ ಲಕ್ಷ್ಯ ಮಾಡುವುದಿಲ್ಲ. ವೀರುವಿಗೆ ಹೆಣ್ಣು ಕೇಳಲು ಹೋದ ಜಯನು ಗೆಳೆಯನ ಗುಣಗಳನ್ನು ಹೊಗಳುತ್ತಾ ಹೋದಂತೆ ಅವನ ಜೂಜು, ಕುಡಿತಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ತಲೆಗೆ ಸರ್ಕಾರದವರು ಕಟ್ಟಿರುವ ಬೆಲೆಯನ್ನು ಗಬ್ಬರನು ಬಂಟನ ಬಾಯಿಂದ ಹೇಳಿಸಿ ಹಿಗ್ಗುತ್ತಾನೆ. ಕೇಡಿಗನಿಗೆ ಚಿನ್ನ ಬೇಕಿಲ್ಲ, ಹೆಸರು ಬೇಕು. ಅವನ ಕ್ರೌರ್ಯದ ಬೇರು ಆ ಹಸಿವಿನಲ್ಲಿದೆ ಎಂದು ಚಿತ್ರವು ಉಪದೇಶಮಾಡದೆ ತೋರಿಸುತ್ತದೆ.

ಇಂತಹ ಚಿತ್ರಕ್ಕೆ ಕಲ್ಲನ್ನು ಒದಗಿಸಿದ ನಾವೇ ಅದರ ಪಾಠವನ್ನು ಮರೆತಿದ್ದೇವೆ. ರಾಮಗಢದ ಹೆಸರಿನಿಂದ ರಾಮನಗರವು ಬೆಳಗಬೇಕೆಂದು ಹಂಬಲಿಸುವವರು ಇಲ್ಲಿ ಬಹಳ. ಬೆಟ್ಟದ ಮೇಲೆ ಚಿತ್ರದ ಹಳ್ಳಿಯನ್ನು ಯಂತ್ರಗಳ ಮಾಯೆಯಿಂದ ಮತ್ತೆ ತೋರಿಸುವ ಯೋಜನೆಯೂ ಹಿಂದೊಮ್ಮೆ ಪ್ರವಾಸೋದ್ಯಮದ ಕಡೆಯಿಂದ ಕೇಳಿಬಂದಿತ್ತು. ಪರರ ಪರಾಕ್ರಮವನ್ನು ತನ್ನದೆಂದು ಹೇಳಿಕೊಂಡ ಸೂರ್ಮಾ ಭೋಪಾಲಿಗೂ ನಮಗೂ ಆಗ ಏನು ವ್ಯತ್ಯಾಸ? ಮಾಗಡಿಯ ಸಾವನದುರ್ಗದ ಪಾಡೂ ಇದೇ. ಡೇವಿಡ್ ಲೀನರು 1984ರ “ಎ ಪ್ಯಾಸೇಜ್ ಟು ಇಂಡಿಯಾ” ಚಿತ್ರಕ್ಕಾಗಿ ಅದನ್ನು ಮರಾಬಾರಿನ ಗುಡ್ಡವೆಂದು ತೋರಿಸಿದರು. ಲೋಕವು ಕೆಂಪೇಗೌಡರ ವಂಶದವರು ಆಳಿದ ದುರ್ಗವನ್ನು ಬಿಹಾರದ ಕಡೆಯ ಗುಡ್ಡವೆಂದು ನೋಡಿತು. ಬೆಟ್ಟ ನಮ್ಮದು, ಹೆಸರು ಬೇರೆಯವರದು.

ಹೆಸರಿನ ಈ ಗೊಂದಲವು ರಾಮನಗರಕ್ಕೆ ಹಳೆಯದು. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದು, ಬಳಿಕ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆ, ಅನಂತರ ರಾಮನಗರ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ ಒಂದು ಜಿಲ್ಲೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ನೆರೆಯೂರಿನ ಕೀರ್ತಿಯನ್ನು ಕಡ ತಂದರೆ ಭೂಮಿಯ ಬೆಲೆ ಏರೀತು. ಊರಿನ ಬೆಲೆ ಏರೀತೆಂದು ಹೇಳಲಾಗದು.

1975ರಲ್ಲಿಯೇ ಕನ್ನಡದಲ್ಲಿ ಇನ್ನೊಂದು ಚಿತ್ರ ಬಂದಿತು: ತ.ರಾ.ಸು. ಅವರ ಕಾದಂಬರಿಯಿಂದ ಜಿ.ವಿ. ಅಯ್ಯರ್ ಅವರು ತೆಗೆದ “ಹಂಸಗೀತೆ”. ಅಲ್ಲಿ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನು ವಿದ್ಯೆಯ ಗರ್ವದಿಂದ ಮೆರೆದು, ಗರ್ವವನ್ನು ಕಳೆದುಕೊಂಡು, ಕಡೆಗೆ ಅರಸನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಆ ಚಿತ್ರಕ್ಕೂ, ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣರಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು. ಒಂದು ಚಿತ್ರ ಕೀರ್ತಿಯನ್ನು ಕಂಡು ನಕ್ಕಿತು. ಇನ್ನೊಂದು ಅದನ್ನು ತ್ಯಜಿಸಿ ತೋರಿಸಿತು. ಎರಡರಲ್ಲಿಯೂ ಹಾಡು ಕಥೆಯ ಅಲಂಕಾರವಲ್ಲ, ಅದರ ಬೆನ್ನೆಲುಬು. ಕನ್ನಡಿಗರಿಗೆ ಈ ವಿದ್ಯೆ ತಿಳಿಯದೆಂದು ಯಾರೂ ಹೇಳುವಂತಿಲ್ಲ. ತಿಳಿದದ್ದನ್ನು ಬಿಟ್ಟುಕೊಟ್ಟಿರುವುದೇ ನಮ್ಮ ಅಪರಾಧ.

ಚಿತ್ರದ ಹೆಸರಿನಿಂದ ನಾಲ್ಕು ಜನಕ್ಕೆ ಅನ್ನ ಸಿಗುವುದಾದರೆ ನಿಮಗೇಕೆ ಹೊಟ್ಟೆಯುರಿ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಬೆಟ್ಟದ ಬುಡದಲ್ಲಿ ಎಳನೀರು ಮಾರುವವನ ಸಂಪಾದನೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿವೆ. ಅವುಗಳಿಗಾಗಿ 2012ರಲ್ಲಿ ಸರ್ಕಾರದವರು ಅಲ್ಲಿ ರಕ್ಷಿತ ಧಾಮವನ್ನು ಸಾರಿದರು. ಇಡೀ ದೇಶದಲ್ಲಿ ರಣಹದ್ದುಗಳಿಗೆ ಮೊದಲು ದೊರೆತ ಧಾಮವೇ ಅದು. ಅಲ್ಲಿನ ಬಂಡೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸೆಂದು ಭೂಗರ್ಭಶಾಸ್ತ್ರಜ್ಞರು ಗಣಿಸಿದ್ದಾರೆ. ಅಂತಹ ಬಂಡೆಗೆ ಐವತ್ತು ವರ್ಷಗಳ ಚಿತ್ರವೊಂದರಿಂದ ಗೌರವ ಬರಬೇಕೆನ್ನುವುದು ಹಾಸ್ಯಾಸ್ಪದ. ಊರ ಹೊರಗಿನ ಹೆದ್ದಾರಿಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ರಾಗಿ ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ ಈ ನಾಡಿನ ಹೆಂಗಸರು ಹಾಡಿದ ಪರಂಪರೆಗೆ ಅಲ್ಲಿ ಮನೆಯಿದೆ. ಕೆಲಸವೂ ಹಾಡೂ ಬೇರೆಯಲ್ಲವೆಂಬುದನ್ನು ಆ ತಾಯಂದಿರು ಬರ್ಮನರಿಗಿಂತ ಮೊದಲೇ ಬಲ್ಲರು. ಚನ್ನಪಟ್ಟಣದ ಅರಗಿನ ಬೊಂಬೆಯನ್ನು ಕಡೆಯುವವನ ಹೆಸರು ಯಾವ ತೆರೆಯ ಮೇಲೂ ಬಂದಿಲ್ಲ. ಆದರೂ ಬೊಂಬೆ ಲೋಕವನ್ನು ಸುತ್ತಿದೆ.

ಆದುದರಿಂದ ಅಧಿಕಾರಿಗಳಲ್ಲಿಯೂ ಪುರಸಭಿಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಬೆಟ್ಟದ ಬುಡದಲ್ಲಿ ಒಂದು ಸರಳವಾದ ಫಲಕವನ್ನು ನಿಲ್ಲಿಸಿರಿ. ರಾಮದೇವರ ಹೆಸರು ಮೊದಲು ಬರಲಿ, ಹದ್ದುಗಳ ಮಾತು ಆಮೇಲೆ, ಚಿತ್ರದ ವೃತ್ತಾಂತ ಕೊನೆಗೆ ಇರಲಿ. ಹದ್ದಿನ ಗೂಡಿನ ಬಳಿ ಗಾರೆಯ ರಾಮಗಢವನ್ನಾಗಲಿ ಯಂತ್ರದ ರಾಮಗಢವನ್ನಾಗಲಿ ಎಬ್ಬಿಸಬೇಡಿರಿ. ಗಬ್ಬರನನ್ನು ನೋಡಲು ಬಂದವರಿಗೆ ಜಾನಪದ ಲೋಕದ ಹಾದಿಯನ್ನು ತೋರಿಸಿರಿ. ಕನ್ನಡ ಚಿತ್ರ ತೆಗೆಯುವ ಮಹನೀಯರು ರಾಮನಗರಕ್ಕೆ ಬಂದು ಬಂಡೆಯನ್ನಷ್ಟೇ ನೋಡಿ ಹಿಂದಿರುಗದೆ, ಆ ಬಂಡೆಗಳ ನಡುವೆ ಐದು ಹಾಡುಗಳು ಹೇಗೆ ದುಡಿದುವೆಂಬುದನ್ನೂ ಅರಿತು ಹೋಗಲಿ.

ತನ್ನ ತಲೆಯ ಬೆಲೆಯನ್ನು ಪರರ ಬಾಯಿಂದ ಕೇಳಿ ಹಿಗ್ಗಿದವನ ಗತಿ ಏನಾಯಿತೆಂಬುದನ್ನು ಆ ಚಿತ್ರದ ಕೊನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಊರುಗಳಿಗೂ ಆ ನೀತಿ ಅನ್ವಯಿಸುತ್ತದೆ.